ಕೋಡ್ ಎಲ್ಲರ ಹತ್ತಿರ ಇದೆ, ಮಾತುಕತೆ ಯಾರ ಹತ್ತಿರ ಇದೆ?

ಒಬ್ಬರೇ ಬರೆಯುವ ಪ್ರೋಗ್ರಾಂ ಸ್ವಂತ ಲ್ಯಾಪ್‌ಟಾಪಿನಲ್ಲಿ ಇದ್ದರೂ ನಡೆಯುತ್ತದೆ. ಎರಡನೆಯವರು ಕೈಜೋಡಿಸಿದ ದಿನ ಪ್ರಶ್ನೆಗಳು ಶುರು. ಯಾರ ಹತ್ತಿರ ಇರುವ ಫೈಲು ಹೊಸದು? ಬಗ್ ಕಂಡರೆ ಎಲ್ಲಿ ಹೇಳಬೇಕು? ಹೋದ ತಿಂಗಳು ಏನಂತ ತೀರ್ಮಾನವಾಗಿತ್ತು? ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಎಲ್ಲರೂ ಬಂದು ಹೋಗುವ ಜಾಗ ಕಟ್ಟುವುದು ಹೇಗೆ ಅಂತ ಓದುತ್ತಾ ಗುರುತು ಹಾಕಿಕೊಂಡದ್ದನ್ನು, ಜೊತೆಗೆ ಕಲಿಯುತ್ತಿರುವವರಿಗೂ ಆಗಲಿ ಅಂತ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಕೋಡಿನ ಜಾಗ

ಹೊಸಬರು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಆದರೆ ಈಗ ಇದು ಸುಲಭದ ಭಾಗ. ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಹಳೆಯ ಸಾಫ್ಟ್‌ವೇರುಗಳಾದ ಸಿವಿಎಸ್, ಸಬ್‌ವರ್ಶನ್ ಕಾಲದಲ್ಲಿ ಹಾಗಿರಲಿಲ್ಲ. ಪೂರ್ತಿ ಇತಿಹಾಸ ಸರ್ವರಿನಲ್ಲಿ ಮಾತ್ರ ಇರುತ್ತಿತ್ತು. ನಮ್ಮ ಕಂಪ್ಯೂಟರಿಗೆ ಇಳಿಯುತ್ತಿದ್ದದ್ದು ಸದ್ಯದ ಪ್ರತಿ ಅಷ್ಟೇ. ಸ್ವಂತ ಸರ್ವರ್ ಇಡಲಾಗದವರಿಗೆ 1999ರಲ್ಲಿ ಬಂದ ಸೋರ್ಸ್‌ಫೋರ್ಜ್ ದೊಡ್ಡ ಆಸರೆಯಾಯಿತು. ರೆಪೊಸಿಟರಿ (ಕೋಡೂ ಅದರ ಇತಿಹಾಸವೂ ಇರುವ ಸಂಗ್ರಹ), ಬಗ್‌ಗಳ ಪಟ್ಟಿ ಇಡುವ ಬಗ್ ಟ್ರ್ಯಾಕರ್, ಒಂದೇ ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ಇಮೇಲ್ ಹೋಗುವ ಮೇಲಿಂಗ್ ಲಿಸ್ಟ್ ಎಲ್ಲವೂ ಒಂದೇ ಸೂರಿನಡಿ, ಅದೂ ಬಿಟ್ಟಿಯಾಗಿ.

2005ರಲ್ಲಿ ಲಿನಕ್ಸ್ ಕರ್ನಲ್ ತಂಡಕ್ಕೆ ಇದೇ ಕೆಲಸದ ಬಿಟ್‌ಕೀಪರ್ ಸಾಫ್ಟ್‌ವೇರಿನ ಉಚಿತ ಬಳಕೆ ನಿಂತುಹೋಯಿತು. ಆಗ ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆದರು. ಗಿಟ್‌ನಲ್ಲಿ ಕ್ಲೋನ್ ಮಾಡಿಕೊಂಡವರ (ರೆಪೊಸಿಟರಿಯ ನಕಲು ಇಳಿಸಿಕೊಂಡವರ) ಹತ್ತಿರವೆಲ್ಲ ಪೂರ್ತಿ ಇತಿಹಾಸ ಇರುತ್ತದೆ. ಅಂದರೆ ಗಿಟ್ ರೆಪೊಸಿಟರಿ ಇಡಲು ಜಾಗ ಕೊಡುವ ಗಿಟ್‌ಹಬ್ ಆಗಲಿ, ಗಿಟ್‌ಲ್ಯಾಬ್ ಆಗಲಿ, ಲಾಭದ ಉದ್ದೇಶವಿಲ್ಲದ ಸಂಘ ನಡೆಸುವ ಕೋಡ್‌ಬರ್ಗ್ ಆಗಲಿ, ನಾಳೆ ಬಾಗಿಲು ಹಾಕಿದರೂ ಯಾವುದೋ ಲ್ಯಾಪ್‌ಟಾಪಿನಿಂದ ಕೋಡನ್ನು ಮತ್ತೆ ಮೇಲೆತ್ತಬಹುದು. ಕ್ಲೋನ್ ಕಮಾಂಡಿಗೆ ಮಿರರ್ ಆಯ್ಕೆ ಸೇರಿಸಿದರೆ ಎಲ್ಲ ಬ್ರಾಂಚು (ಕೋಡಿನ ಕವಲು), ಟ್ಯಾಗುಗಳೂ (ಆವೃತ್ತಿಗೆ ಕೊಟ್ಟ ಹೆಸರು) ಬರುತ್ತವೆ.

ಹಾಗಾದರೆ ಚಿಂತೆ ಇಲ್ಲ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಶ್ಯೂಗಳು (ಬಗ್, ಬೇಡಿಕೆಗಳ ಟಿಪ್ಪಣಿ), ಪುಲ್ ರಿಕ್ವೆಸ್ಟಿನ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಯ) ಕೆಳಗೆ ನಡೆದ ಚರ್ಚೆ, ಯಾರಿಗೆ ಯಾವ ಅನುಮತಿ ಅನ್ನುವ ವಿವರ, ಇವು ಯಾವುವೂ ಗಿಟ್ ಒಳಗೆ ಇರುವುದಿಲ್ಲ. ಅವೆಲ್ಲ ಆ ತಾಣದ ಡೇಟಾಬೇಸಿನಲ್ಲಿ ಇರುತ್ತವೆ. ಜಾಗ ಕೊಡುವವರು ಕೈ ಎತ್ತುವುದೂ ಹೊಸದಲ್ಲ. ಗೂಗಲ್ ಕೋಡ್ 2006ರಲ್ಲಿ ಶುರುವಾಗಿ 2016ರ ಜನವರಿಗೆ ಮುಚ್ಚಿತು. ಗಿಟೋರಿಯಸ್ 2015ರಲ್ಲಿ ನಿಂತಿತು. ಬಿಟ್‌ಬಕೆಟ್ 2020ರಲ್ಲಿ ಗಿಟ್‌ನಂಥದೇ ಆದ ಮರ್ಕ್ಯುರಿಯಲ್‌ಗೆ ಬೆಂಬಲ ಬಿಟ್ಟಿತು. ಆದ್ದರಿಂದ ಜಾಗ ಆರಿಸುವಾಗ ನಾನು ಮೊದಲು ಹುಡುಕುವುದು ಹೊರಗೆ ಹೋಗುವ ದಾರಿಯನ್ನು. ಇಶ್ಯೂಗಳನ್ನು ಕಾಮೆಂಟ್ ಸಮೇತ ಇಳಿಸಿಕೊಳ್ಳಲು ಆಗುತ್ತದಾ? ಎಕ್ಸ್‌ಪೋರ್ಟ್ ಇದೆಯಾ, ಪ್ರೋಗ್ರಾಂ ಬರೆದು ಮಾಹಿತಿ ತೆಗೆಯಲು ಎಪಿಐ ಇದೆಯಾ? ಬಣ್ಣ, ಬಟನ್ನು ಆಮೇಲೆ ನೋಡಿಕೊಂಡರಾಯಿತು.

ಸ್ವಂತ ಸರ್ವರಿನಲ್ಲೇ ಇಟ್ಟರೆ ಎಲ್ಲ ನಮ್ಮ ಕೈಯಲ್ಲೇ ಇರುತ್ತದಲ್ಲ ಅನ್ನಿಸಬಹುದು. ಇರುತ್ತದೆ, ಅಪ್‌ಡೇಟು ಬ್ಯಾಕಪ್ಪುಗಳ ಹೊರೆಯೂ ನಮ್ಮ ಮೇಲೇ ಬೀಳುತ್ತದೆ. 2021ರ ಮಾರ್ಚ್‌ನಲ್ಲಿ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ತಂಡದ ಸ್ವಂತ ಗಿಟ್ ಸರ್ವರಿಗೆ ಯಾರೋ ಎರಡು ಕೆಟ್ಟ ಕಮಿಟ್‌ಗಳನ್ನು (ಕೋಡಿನ ಬದಲಾವಣೆಗಳನ್ನು) ತೂರಿಸಿದರು, ಅದೂ ತಂಡದ ಹಿರಿಯರ ಹೆಸರಿನಲ್ಲಿ. ಬಿಡುಗಡೆಗೆ ಮೊದಲೇ ಸಿಕ್ಕಿಬಿದ್ದವು, ಪುಣ್ಯ. ಆದರೆ ತಂಡ ಸ್ವಂತ ಸರ್ವರಿನ ಸಹವಾಸ ಬೇಡ ಅಂತ ಗಿಟ್‌ಹಬ್‌ಗೆ ಹೊರಟಿತು. ಅಂಥವರಿಗೇ ಹೊರೆಯಾದದ್ದು ಮೂರು ಜನರ ತಂಡಕ್ಕೆ ಯಾಕೆ ಬೇಕು?

ವೆಬ್‌ಸೈಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರೆದಿಟ್ಟದ್ದನ್ನು ಹಾಗೇ ತೋರಿಸುವ ಸ್ಟ್ಯಾಟಿಕ್ ಪುಟಗಳು ಸಾಕು. ಅವೂ ರೆಪೊಸಿಟರಿಯಲ್ಲೇ ಇರಲಿ.

ಮಾತುಕತೆಯ ಜಾಗ

ನಾನಿದ್ದ ಒಂದು ಸಣ್ಣ ಪ್ರಾಜೆಕ್ಟಿನಲ್ಲಿ ಎಲ್ಲ ಮಾತು ಫೋನಿನ ಚಾಟ್ ಗುಂಪಿನಲ್ಲಿ ನಡೆಯುತ್ತಿತ್ತು. ಹೊಸದಾಗಿ ಸೇರಿದವರು, "ಈ ಫೈಲ್ ಫಾರ್ಮ್ಯಾಟ್ ಯಾಕೆ ಕೈಬಿಟ್ಟಿರಿ?" ಅಂತ ಕೇಳಿದರು. ಕೈಬಿಟ್ಟದ್ದು ಎಲ್ಲರಿಗೂ ನೆನಪಿತ್ತು, ಕಾರಣ ಯಾರಿಗೂ ನೆನಪಿರಲಿಲ್ಲ. ಹುಡುಕಿದರೆ ನೂರಾರು ಹಬ್ಬದ ಶುಭಾಶಯ, ಹೆಬ್ಬೆರಳ ಚಿತ್ರ. ಕೊನೆಗೆ ಅದೇ ಫಾರ್ಮ್ಯಾಟನ್ನು ಮತ್ತೆ ಬರೆದೆವು. ಅದೇ ಬಗ್ ಮತ್ತೆ ಬಂತು. ಆಗ ಕಾರಣ ನೆನಪಾಯಿತು!

ಚಾಟ್ ಕೆಟ್ಟದ್ದು ಅಂತಲ್ಲ. ತಕ್ಷಣದ ಸಂದೇಹಕ್ಕೆ, ಸುಮ್ನೆ ಹರಟೆಗೆ ಅದು ಬೇಕೇ ಬೇಕು. ಅದಿಲ್ಲದಿದ್ದರೆ ಜನ ಹತ್ತಿರವಾಗುವುದಿಲ್ಲ. ತೀರ್ಮಾನ ಮಾತ್ರ ಅಲ್ಲಿ ನಿಲ್ಲಬಾರದು. ಯಾರಾದರೂ ಒಬ್ಬರು ಅದನ್ನು ಎರಡು ಸಾಲಿನಲ್ಲಿ ಇಶ್ಯೂಗೆ ಅಥವಾ ಮೇಲಿಂಗ್ ಲಿಸ್ಟಿಗೆ ದಾಟಿಸಬೇಕು. ಲಾಗಿನ್ ಇಲ್ಲದವರಿಗೂ ಸಿಗುವಂತಿರಬೇಕು, ಲಿಂಕ್ ಕೊಡಲು ಬರಬೇಕು. ಚಾಟ್ ಆಪ್ ಸ್ಲ್ಯಾಕ್‌ನ ಉಚಿತ ಖಾತೆಯಲ್ಲಿ 2022ರಿಂದ 90 ದಿನಕ್ಕಿಂತ ಹಳೆಯ ಸಂದೇಶ ಕಾಣುವುದಿಲ್ಲ. ಹಳೆಯ ಚಾಟ್ ವ್ಯವಸ್ಥೆಯಾದ ಐಆರ್‌ಸಿಯಲ್ಲಿ ನಾವು ಇಲ್ಲದಾಗ ನಡೆದ ಮಾತು ಸಾಮಾನ್ಯವಾಗಿ ನಮಗೆ ತಲುಪುವುದಿಲ್ಲ. ಮ್ಯಾಟ್ರಿಕ್ಸ್‌ನಲ್ಲಿ ಇತಿಹಾಸ ಉಳಿಯುತ್ತದೆ. ಜುಲಿಪ್‌ನಲ್ಲಿ ಮಾತಿಗೆ ಒಂದು ವಿಷಯದ ಹೆಸರು ಕೊಡುವುದು ರೂಢಿ, ಮೊದಲು ಕಿರಿಕಿರಿ, ಆರು ತಿಂಗಳ ಮೇಲೆ ಹುಡುಕುವಾಗ ಖುಷಿ.

ಮೇಲಿಂಗ್ ಲಿಸ್ಟನ್ನು ನಾವೇ ನಡೆಸುತ್ತೇವೆ ಅನ್ನುವವರಿಗೆ ಒಂದು ಮಾತು. ಲಿಸ್ಟಿಗೆ ಬಂದ ಪತ್ರವನ್ನು ಲಿಸ್ಟಿನ ಸರ್ವರ್ ಎಲ್ಲರಿಗೂ ಮತ್ತೆ ಕಳಿಸುತ್ತದೆ. ಕಳಿಸಿದವರ ವಿಳಾಸ ಹಳೆಯದೇ, ಹೊರಟ ಸರ್ವರ್ ಬೇರೆ. ಪಡೆಯುವ ಕಡೆಯವರಿಗೆ ಇದು ಮೋಸದ ಪತ್ರದ ಹಾಗೇ ಕಾಣುತ್ತದೆ. 2014ರಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮ (ಕಳಿಸಿದವರ ವಿಳಾಸ ನಿಜವಲ್ಲ ಅನ್ನಿಸಿದರೆ ಪತ್ರವನ್ನು ಏನು ಮಾಡಬೇಕು ಅನ್ನುವುದು) ಬಿಗಿ ಮಾಡಿದಾಗ ಎಷ್ಟೋ ಲಿಸ್ಟುಗಳು ಹೀಗೇ ಎಡವಿದವು. ಈಗ ಲಿಸ್ಟ್ ನಡೆಸುವ ಸಾಫ್ಟ್‌ವೇರ್ ಮೇಲ್‌ಮ್ಯಾನ್‌ನಲ್ಲಿ ಕಳಿಸಿದವರ ವಿಳಾಸದ ಜಾಗದಲ್ಲಿ ಲಿಸ್ಟಿನ ವಿಳಾಸ ಹಾಕುವ ಸೆಟ್ಟಿಂಗ್ ಇದೆ. ಪತ್ರ ನಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನೂ ಡಿಎನ್‌ಎಸ್‌ಗೆ (ಡೊಮೇನ್ ಹೆಸರಿನ ವಿವರ ಹೇಳುವ ವ್ಯವಸ್ಥೆಗೆ) ಸೇರಿಸಿ. ಇಲ್ಲದಿದ್ದರೆ ಪತ್ರ ಸ್ಪ್ಯಾಮ್ ಡಬ್ಬಿಗೆ ಬೀಳುತ್ತದೆ, ಉತ್ತರ ಯಾಕೆ ಬರಲಿಲ್ಲ ಅಂತ ನೀವು ಕಾಯುತ್ತಾ ಕೂರುತ್ತೀರಿ.

ಎಲ್ಲವೂ ಬಹಿರಂಗ ಆಗಬೇಕಾಗಿಲ್ಲ. ಭದ್ರತೆಯ ದೋಷ ಕಂಡವರು ಗುಟ್ಟಾಗಿ ತಿಳಿಸಲು ಒಂದು ವಿಳಾಸ ಇರಲಿ. ಅದು ಕಡೇಪಕ್ಷ ಇಬ್ಬರಿಗೆ ತಲುಪಲಿ.

ಬೀಗದ ಕೈ

2021ರ ಮೇನಲ್ಲಿ ಫ್ರೀನೋಡ್ ಅನ್ನುವ ಐಆರ್‌ಸಿ ಜಾಲದ ಯಜಮಾನಿಕೆಯ ಜಗಳ ಜೋರಾಯಿತು. ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ರಾಜೀನಾಮೆ ಕೊಟ್ಟು ಲಿಬೆರಾ ಚಾಟ್ ಶುರು ಮಾಡಿದರು. ಪ್ರಾಜೆಕ್ಟುಗಳು ಗಂಟುಮೂಟೆ ಕಟ್ಟಿಕೊಂಡು ಹಿಂದೆ ಹೋದವು. ಹೋಗಲು ಸುಲಭವಾದದ್ದು, ಚಾನೆಲಿನ ವಿಳಾಸವನ್ನು ತಮ್ಮದೇ ಡೊಮೇನಿನ (ಸ್ವಂತ ವೆಬ್ ವಿಳಾಸದ) ಪುಟದಲ್ಲಿ ಬರೆದಿಟ್ಟವರಿಗೆ. ಒಂದು ಸಾಲು ತಿದ್ದಿದರೆ ಮುಗಿಯಿತು.

ಅಂದ ಮೇಲೆ ಡೊಮೇನ್ ಹೆಸರೇ ಎಲ್ಲಕ್ಕಿಂತ ಬೆಲೆಯದು. ಅದು ಒಬ್ಬರ ಹೆಸರಿನಲ್ಲಿ, ಅವರ ಖಾಸಗಿ ಇಮೇಲಿಗೆ ಜೋಡಿಸಿಕೊಂಡು ಇರುವುದೇ ಹೆಚ್ಚು. ದೊಡ್ಡ ಪ್ರಾಜೆಕ್ಟುಗಳಿಗೆ ಡೊಮೇನ್, ದುಡ್ಡು ಇಟ್ಟುಕೊಳ್ಳಲು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯಂಥ ಸಂಸ್ಥೆಗಳಿವೆ. ಸಣ್ಣವರು ಎಲ್ಲ ಕಡೆ ಇಬ್ಬರು ಅಡ್ಮಿನ್ ಇಟ್ಟು, ಟು-ಫ್ಯಾಕ್ಟರ್ ಹಾಕಿ, ರಿಕವರಿ ಕೋಡುಗಳನ್ನು ಬೇರೆ ಬೇರೆಯವರ ಹತ್ತಿರ ಇಟ್ಟರೆ ಸಾಕಷ್ಟಾಯಿತು.

ಇದನ್ನು ಓದಿದ ಮೇಲೆ ನಮ್ಮ ರೆಪೊಸಿಟರಿಯಲ್ಲಿ ಒಂದು ಫೈಲು ಸೇರಿಸಿದೆ. ಡೊಮೇನ್ ಎಲ್ಲಿ ಕೊಂಡದ್ದು, ಯಾವಾಗ ಅವಧಿ ಮುಗಿಯುತ್ತದೆ, ಡಿಎನ್‌ಎಸ್ ಯಾರು ನೋಡುತ್ತಾರೆ, ಲಿಸ್ಟಿನ ಅಡ್ಮಿನ್ ಯಾರು. ಪಾಸ್‌ವರ್ಡ್ ಅಲ್ಲ, ಯಾರನ್ನು ಕೇಳಬೇಕು ಅನ್ನುವುದಷ್ಟೇ. ಎರಡು ಸಾಲಿಗೆ ಉತ್ತರ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಪರೀಕ್ಷೆಯ ಓದಿನಲ್ಲಿ ಮುಳುಗಿದ್ದರು. ಆ ಎರಡು ಸಾಲು ತುಂಬಲು 9 ದಿನ ಹಿಡಿಯಿತು.