ಠಾಣೆಯ ಪುಸ್ತಕ ಸೇರದ ಏಟು

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.’ ಈ ಗಾದೆ ಕೇಳಿಕೊಂಡೇ ನಾವೆಲ್ಲ ಬೆಳೆದವರು. ಆ ಜಗಳದಲ್ಲಿ ಒಂದು ಏಟು ಬಿದ್ದರೆ ಅದು ಅಪರಾಧ. ಆದರೆ ಅದು ಠಾಣೆಯ ಪುಸ್ತಕ ಸೇರುವುದು ಅಪರೂಪ.

ಅಪರಾಧ ಮಾಡುವವರಲ್ಲಿ ಗಂಡಸರೇ ಜಾಸ್ತಿ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ ಹೆಂಗಸರು ನೂರಕ್ಕೆ ನಾಲ್ವರು. ಹೆಂಗಸರ ಮೇಲೆ ದೂರು ಕೊಡುವವರು ಕಡಿಮೆ, ಅದಕ್ಕೇ ಹೀಗೆ ಅಂತ ಯಾರಾದರೂ ಹೇಳಬಹುದು. ಅದಕ್ಕೆ ಕೊಲೆಯ ಲೆಕ್ಕ ನೋಡಬೇಕು. ಹೆಣ ಮುಚ್ಚಿಡುವುದು ಸುಲಭವಲ್ಲ, ಯಾರೂ ಬಾಯಿ ಬಿಡದಿದ್ದರೂ ಹೊರಗೆ ಬರುತ್ತದೆ. ಜಗತ್ತಿನ ಕೊಲೆ ಆರೋಪಿಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಗಂಡಸರು. ಸತ್ತವರಲ್ಲೂ ಹತ್ತಕ್ಕೆ ಎಂಟು ಜನ ಗಂಡಸರೇ. ಆದರೆ ಬಾಳಸಂಗಾತಿಯ ಕೈಯಲ್ಲಿ ಸತ್ತವರನ್ನಷ್ಟೇ ಎಣಿಸಿದರೆ ಲೆಕ್ಕ ತಿರುಗಿ ನಿಲ್ಲುತ್ತದೆ. ಹತ್ತಕ್ಕೆ ಎಂಟು ಜನ ಹೆಂಗಸರು.

ಏಟಿಗೆ ಹೆಣದಂಥ ಸಾಕ್ಷಿ ಇಲ್ಲ. ತಿಂದವಳು ಹೇಳಿದರೆ ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಹೇಳಿಸುವುದು ಎಷ್ಟು ಕಷ್ಟ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರಿಗೆ ಚೆನ್ನಾಗಿ ಗೊತ್ತು. ಹಿಂಸೆಯ ಪ್ರಶ್ನೆಗಳನ್ನು ಮನೆಯಲ್ಲಿ ಒಬ್ಬಳಿಗೆ ಮಾತ್ರ ಕೇಳುತ್ತಾರೆ. ಹತ್ತಿರ ಯಾರೂ ಇರಬಾರದು. ನಡುವೆ ಅತ್ತೆ ಸುಮ್ನೆ ಇಣುಕಿದರೂ ಮಾತನ್ನು ಬೇರೆ ಕಡೆಗೆ ತಿರುಗಿಸಬೇಕು. ಇಷ್ಟು ಜೋಪಾನವಾಗಿ ಕೇಳಿದಾಗ, 2019–21ರಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದಲ್ಲೇ ಅತಿ ಹೆಚ್ಚು. ಆ ಅಂಕಿ ಓದಿ ನನಗೆ ಸಂಕಟವಾಯಿತು. ಹಿಂದಿನ ಸುತ್ತಿನಲ್ಲಿ ಅದು ಶೇ. 20.6 ಇತ್ತು. ನಾಲ್ಕೈದು ವರ್ಷದಲ್ಲಿ ಗಂಡಂದಿರ ಕ್ರೌರ್ಯ ಇಮ್ಮಡಿಯಾಯಿತೋ, ಹೇಳುವವರ ಧೈರ್ಯ ಇಮ್ಮಡಿಯಾಯಿತೋ? ಈ ಅಂಕಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಲಾಗದು. ದೇಶದ ಲೆಕ್ಕದಲ್ಲಿ, ಹಿಂಸೆ ಅನುಭವಿಸಿದವರಲ್ಲಿ ಶೇ. 77 ಮಂದಿ ನೆರವೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಕೇಳಿದವರು ಹೋಗಿದ್ದು ಹೆಚ್ಚಾಗಿ ತವರಿಗೆ. ಅಲ್ಲಿ ಏನು ಹೇಳುತ್ತಾರೆ ಅಂತ ನಮಗೆಲ್ಲ ಗೊತ್ತು ಅಲ್ವಾ? ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ.’

ಹಾಗಾದರೆ ಠಾಣೆಯಲ್ಲಿ ಕೇಸು ಜಾಸ್ತಿಯಾದರೆ ಏನು ತಿಳಿಯಬೇಕು? ಇದಕ್ಕೆ ಒಳ್ಳೆಯ ಪರೀಕ್ಷೆಯೊಂದು ತಾನಾಗಿಯೇ ಒದಗಿ ಬಂತು. 1993ರ ಸಂವಿಧಾನ ತಿದ್ದುಪಡಿ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಪಾಲು ಸ್ಥಾನ ಕೊಟ್ಟಿತು. (ಕರ್ನಾಟಕ 1987ರಲ್ಲೇ ಶೇ. 25 ಕೊಟ್ಟಿತ್ತು, ಅದು ನಮ್ಮ ಹೆಮ್ಮೆ.) ಒಂದೊಂದು ರಾಜ್ಯ ಒಂದೊಂದು ವರ್ಷ ಜಾರಿಗೆ ತಂದಿದ್ದರಿಂದ ಮೊದಲು, ಆಮೇಲೆ ಅಂತ ಹೋಲಿಸಲು ಸಾಧ್ಯವಾಯಿತು. 2012ರಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು ಈ ಲೆಕ್ಕ ಹಾಕಿದರು. ಹೆಂಗಸರು ಪಂಚಾಯಿತಿಗೆ ಬಂದ ಮೇಲೆ, ಹೆಂಗಸರ ಮೇಲಿನ ಅಪರಾಧದ ಕೇಸುಗಳು ಸುಮಾರು ಶೇ. 44 ಏರಿದ್ದವು. ಗಂಡಸರ ಮೇಲಿನ ಅಪರಾಧಗಳು ಏರಿರಲಿಲ್ಲ. ಅಂದರೆ ಊರು ಕೆಟ್ಟಿರಲಿಲ್ಲ, ಮುಖ್ಯವಾಗಿ ದೂರು ಕೊಡುವವರು ಹೆಚ್ಚಿದ್ದರು.

ಇನ್ನೊಂದು ವಿಷಯವೂ ಕಂಡಿತು. ಮೇಲಿನ ಹಂತದ ಅಧ್ಯಕ್ಷೆಯರಿಗಿಂತ, ಹಳ್ಳಿ ಹಳ್ಳಿಗಳ ಸಾಮಾನ್ಯ ಸದಸ್ಯೆಯರ ಪ್ರಭಾವವೇ ಜಾಸ್ತಿ ಇತ್ತು. ಏಟು ತಿಂದವಳು ಬರಿಗಾಲಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿ ಇರುವುದು ಆ ಸದಸ್ಯೆಯ ಮನೆ.