ಅಡುಗೆ ಪುಸ್ತಕಕ್ಕೆ ರೊಟ್ಟಿಯ ಪರೀಕ್ಷೆ

"ಅಕ್ಕಾರ, ಅಡಿಗಿ ಪುಸ್ತಕ ಯಾವುದು ತಗೋಬೇಕ್ರಿ?"

ವಿಜಯಪುರದ ನನ್ನ ಅಡುಗೆ ತರಗತಿಗೆ ಬರುವವರು ಎರಡನೇ ವಾರಕ್ಕೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಮೊಬೈಲಿನಲ್ಲಿ ಇಷ್ಟೊಂದು ವಿಡಿಯೊ ಇರುವಾಗ ಪುಸ್ತಕ ಯಾಕೆ ಅಂತ ಮನೆಯಲ್ಲಿ ಅಂದಿರುತ್ತಾರೆ, ಆದರೂ ಕೇಳುತ್ತಾರೆ. ನನಗೆ ಅದು ಖುಷಿಯ ಸಂಗತಿ. ಕೈ ಹೇಗೆ ಆಡಬೇಕು ಅನ್ನುವುದನ್ನು ವಿಡಿಯೊ ಚೆನ್ನಾಗಿ ತೋರಿಸುತ್ತದೆ. ಆದರೆ ಅಡುಗೆ ಕೆಟ್ಟಾಗ ಯಾಕೆ ಕೆಟ್ಟಿತು ಅಂತ ಹಿಂದೆ ತಿರುಗಿ ನೋಡಲು ಪುಸ್ತಕವೇ ಬೇಕು.

ಯಾವ ಪುಸ್ತಕ ಅನ್ನುವುದಕ್ಕಿಂತ ಮೊದಲು, ಅದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡುವುದು ಹೇಗೆ ಅಂತ ಹೇಳುತ್ತೇನೆ. ನಿಮಗೆ ಗೊತ್ತಿಲ್ಲದ ಅಡುಗೆಯ ಪುಟ ತೆಗೆಯಬೇಡಿ. ಕಣ್ಣು ಮುಚ್ಚಿ ಮಾಡುವಷ್ಟು ಗೊತ್ತಿರುವ ಒಂದನ್ನು ಹುಡುಕಿ. ನಾನು ಜೋಳದ ರೊಟ್ಟಿ ಹುಡುಕುತ್ತೇನೆ. "ಹಿಟ್ಟಿಗೆ ಉಪ್ಪು, ನೀರು ಹಾಕಿ ಮೆತ್ತಗೆ ಕಲಸಿ, ತಟ್ಟಿ, ಎರಡೂ ಕಡೆ ಬೇಯಿಸಿ" ಅಂತ ಎರಡು ಸಾಲಿನಲ್ಲಿ ಮುಗಿಸಿದ್ದರೆ ಪುಸ್ತಕ ವಾಪಸ್ ಇಡುತ್ತೇನೆ.

ಯಾಕೆ ಅಂದರೆ, ರೊಟ್ಟಿಯ ಗುಟ್ಟೆಲ್ಲ ಆ ಎರಡು ಸಾಲಿನ ಹೊರಗಿದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ಎಸರು ಬೇಕು. ಬಿಸಿ ಎಸರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ, ರೊಟ್ಟಿ ಹರಿಯದಂತೆ ಹಿಡಿದಿಡುವುದು ಆ ಜಿಗುಟೇ. ಹಿಟ್ಟು ಹೊಸದಾಗಿ ಬೀಸಿದ್ದಾಗಿರಬೇಕು. ಬಹಳ ದಿನ ಇಟ್ಟ ಹಿಟ್ಟು ಎಷ್ಟು ನಾದಿದರೂ ಅಂಚಿನಲ್ಲಿ ಒಡೆಯುತ್ತದೆ. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಬೇಕು, ಆ ನೀರು ಆರುತ್ತ ಬಂದಾಗ ತಿರುವಿ ಹಾಕಬೇಕು. ಇದರಲ್ಲಿ ಅರ್ಧವಾದರೂ ಪುಟದ ಮೇಲೆ ಇದ್ದರೆ, ಬರೆದವರು ಒಲೆಯ ಮುಂದೆ ನಿಂತು ಬರೆದಿದ್ದಾರೆ ಅಂತ ಅರ್ಥ. ಅವರು ಹೇಳುವ ಉಳಿದ ಅಡುಗೆಗಳನ್ನೂ ನಂಬಬಹುದು.

ಗೋಕಾಕ, ಅಮೀನಗಡದ ಕಡೆಯವರಾದರೆ ಕರದಂಟು ನೋಡಿ. ಅದಕ್ಕೆ ಹಾಕುವ ಅಂಟು, ಅಂದರೆ ಮರದಿಂದ ಬರುವ ತಿನ್ನುವ ಗೋಂದು, ತುಪ್ಪದಲ್ಲಿ ಒಳಗಿನವರೆಗೂ ಅರಳಬೇಕು, ಇಲ್ಲದಿದ್ದರೆ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಅದಕ್ಕಾಗಿ ಸ್ವಲ್ಪ ಸ್ವಲ್ಪವೇ ಹಾಕಿ ಕರಿಯಿರಿ ಅಂತ ಪುಸ್ತಕ ಹೇಳಿದೆಯಾ? ಬೆಲ್ಲದ ಪಾಕ ಯಾವ ಹದಕ್ಕೆ ಬರಬೇಕು ಅಂತ ಹೇಳಿದೆಯಾ? ಅಷ್ಟು ನೋಡಿದರೆ ಸಾಕು.

ಎರಡನೆಯದು ಖಾರದ ಪುಡಿ. "ಎರಡು ಚಮಚ ಖಾರದ ಪುಡಿ" ಅಂತ ಬರೆದು ಬಿಟ್ಟರೆ ಅದು ಅಳತೆಯೇ ಅಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಗುಂಟೂರಿನದು ಹಾಗಲ್ಲ, ಖಾರವೇ ಅದರ ಗುಣ. ಬ್ಯಾಡಗಿ ಲೆಕ್ಕದಲ್ಲಿ ಬರೆದ ಎರಡು ಚಮಚವನ್ನು ಗುಂಟೂರಿನ ಪುಡಿಯಲ್ಲಿ ಹಾಕಿದರೆ ಊಟಕ್ಕೆ ಕೂತವರ ಗತಿ ಏನು? ಅದರಲ್ಲೂ ನಮ್ಮ ಮನೆಗಳಲ್ಲಿ ಇರುವುದು ಮಸಾಲೆ, ಬೆಳ್ಳುಳ್ಳಿ ಎಲ್ಲ ಸೇರಿಸಿ ಕುಟ್ಟಿದ ಮಸಾಲಿ ಖಾರ. ಯಾವ ಮೆಣಸಿನಕಾಯಿ ಅಂತ ಹೆಸರು ಹೇಳುವ ಪುಸ್ತಕ ಸಿಕ್ಕರೆ ಬಿಡಬೇಡಿ.

ಇನ್ನು ಅಳತೆಯ ಮಾತು. ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಡಬ್ಬಿಯಲ್ಲಿ ಕೇಕ್ ತಂದು ನನ್ನ ಮುಂದೆ ಇಟ್ಟರು. ಮೇಲೆ ಕಪ್ಪಗೆ ಸುಟ್ಟಿತ್ತು. ಚಾಕು ಹಾಕಿದರೆ ಒಳಗೆ ಹಸಿ ಹಿಟ್ಟು. "ಬರದಂಗನ ಮಾಡೀನ್ರಿ ಅಕ್ಕಾರ" ಅಂದರು, ಕಣ್ಣಲ್ಲಿ ನೀರು. ಪುಸ್ತಕ ತೆರೆದು ನೋಡಿದೆ. ಅಮೆರಿಕದ ಪುಸ್ತಕ, 350 ಡಿಗ್ರಿ ಅಂತ ಇದೆ. ಅವರ ಓವನ್ನಿನ ತಿರುಗಣಿ 250ಕ್ಕೇ ಮುಗಿಯುತ್ತದೆ, ಹಾಗಾಗಿ ಕೊನೆಯವರೆಗೂ ತಿರುಗಿಸಿದ್ದಾರೆ. 350 ಅನ್ನುವುದು ಫ್ಯಾರನ್‌ಹೀಟ್. ನಮ್ಮ ಓವನ್ನಿನ ಸೆಲ್ಸಿಯಸ್ ಲೆಕ್ಕದಲ್ಲಿ ಅದು ಸುಮಾರು 180. ಅವರ ತಪ್ಪು ಏನೂ ಇರಲಿಲ್ಲ, ಆ ಪುಸ್ತಕ ಇಲ್ಲಿಯವರಿಗಾಗಿ ಬರೆದದ್ದಲ್ಲ, ಅಷ್ಟೇ. ಮರುದಿನ 180ರಲ್ಲಿ ಮತ್ತೆ ಮಾಡಿಸಿದೆ, ಚೆನ್ನಾಗಿ ಉಬ್ಬಿತು.

ಹೊರದೇಶದ ಪುಸ್ತಕ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಕೊಂಡರೆ ಮೊದಲ ಪುಟಗಳಲ್ಲಿ ಅಳತೆಯ ವಿವರ ಓದಿ. ಅಮೆರಿಕದ ಕಪ್ಪು ಸುಮಾರು 240 ಮಿಲಿಲೀಟರ್. ದೊಡ್ಡ ಚಮಚ ಹೆಚ್ಚಿನ ಕಡೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಬ್ರಿಟನ್ನಿನವರ 'ಸೆಲ್ಫ್ ರೈಸಿಂಗ್' ಹಿಟ್ಟು ಅಂದರೆ ಬೇಕಿಂಗ್ ಪೌಡರ್ ಬೆರೆಸಿದ ಮೈದಾ. ಬರೀ ಮೈದಾ ಹಾಕಿದರೆ ಕೇಕ್ ಏಳುವುದಿಲ್ಲ. ಗ್ರಾಂ ಲೆಕ್ಕದಲ್ಲಿ ಬರೆದ ಪುಸ್ತಕವಾದರೆ ಈ ಗೊಂದಲ ಅರ್ಧಕ್ಕರ್ಧ ಕಡಿಮೆ. ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದಿಟ್ಟುಕೊಳ್ಳಿ.

ಹಾಗೆಯೇ "3 ಸೀಟಿ ಹೊಡೆಸಿ". ನಿಮ್ಮ ಕುಕ್ಕರ್, ನಿಮ್ಮ ಉರಿ, ಒಳಗಿನ ನೀರು, ಎಲ್ಲದರ ಮೇಲೂ ಸೀಟಿಯ ಲೆಕ್ಕ ನಿಂತಿದೆ. ಮೊದಲ ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ ಎಷ್ಟು ನಿಮಿಷ ಅಂತ ಹೇಳುವ ಪುಸ್ತಕ ಮೇಲು.

ಇಂಗ್ಲಿಷ್ ಓದುವವರಿಗೆ ನಾನು ಎರಡು ಹೆಸರು ಹೇಳುತ್ತೇನೆ. ಕ್ರಿಶ್ ಅಶೋಕ್ ಅವರ 'ಮಸಾಲಾ ಲ್ಯಾಬ್' 2020ರಲ್ಲಿ ಬಂತು. ಹಂತ ಹಂತವಾಗಿ ಅಡುಗೆ ಹೇಳಿಕೊಡುವುದಕ್ಕಿಂತ, ನಮ್ಮ ಅಡುಗೆಮನೆಯಲ್ಲಿ ದಿನಾ ಮಾಡುವ ಕೆಲಸಗಳ ಹಿಂದಿನ 'ಯಾಕೆ' ಹೇಳುವ ಪುಸ್ತಕ ಅದು. ಅಮ್ಮನಿಂದ ಅಡುಗೆ ಕಲಿತು, ಈಗ ಕಾರಣ ತಿಳಿಯಬೇಕು ಅನ್ನುವವರಿಗೆ ಮೊದಲು ಇದನ್ನೇ ಹೇಳುವುದು.

ಇನ್ನೊಂದು ಸಮೀನ್ ನೊಸ್ರತ್ ಅವರ 'ಸಾಲ್ಟ್, ಫ್ಯಾಟ್, ಆ್ಯಸಿಡ್, ಹೀಟ್', 2017ರದ್ದು. ಉಪ್ಪು, ಜಿಡ್ಡು, ಹುಳಿ, ಉರಿ: ಈ ನಾಲ್ಕನ್ನು ಅರಿತರೆ ಯಾವ ಅಡುಗೆಯಾದರೂ ಕೈಗೆ ಬರುತ್ತದೆ ಅನ್ನುವುದು ಅವರ ಮಾತು. ಫೋಟೊ ಬದಲು ಕೈಯಿಂದ ಬರೆದ ಚಿತ್ರಗಳಿವೆ. ನನ್ನ ತರಗತಿಯಲ್ಲಿ ಇದನ್ನು ಎಣಗಾಯಿಯ ಮೇಲೆ ಮಾಡಿ ತೋರಿಸುತ್ತೇನೆ. ಒಬ್ಬರು ಎಣಗಾಯಿ ಸಪ್ಪೆ ಆಗಿದೆ ಅಂತ ಎರಡು ಸಲ ಉಪ್ಪು ಹಾಕಿದ್ದರು, ಆದರೂ ಸಪ್ಪೆ ಅನ್ನುತ್ತಿದ್ದರು. ಬದನೆಕಾಯಿ, ಶೇಂಗಾ, ಗುರೆಳ್ಳು, ಎಣ್ಣೆ ಎಲ್ಲ ಸರಿ ಇತ್ತು. ಎರಡು ಚಮಚ ಹುಣಸೆ ರಸ ಬಿಟ್ಟು ಒಂದು ಕುದಿ ಬರಿಸಿದೆವು. ರುಚಿ ಎದ್ದು ನಿಂತಿತು. ಬೇಕಾಗಿದ್ದದ್ದು ಉಪ್ಪಲ್ಲ, ಹುಳಿ.

ಒಂದು ಎಚ್ಚರಿಕೆ. ಅಮೆರಿಕದ ಪುಸ್ತಕಗಳಲ್ಲಿ 'ಕೋಷರ್ ಸಾಲ್ಟ್' ಅಂತ ಇದ್ದರೆ ಅದು ದಪ್ಪ ಹರಳಿನ ಉಪ್ಪು. ಒಂದು ಚಮಚದಲ್ಲಿ ನಮ್ಮ ಪುಡಿ ಉಪ್ಪಿಗಿಂತ ಕಡಿಮೆ ತೂಕ ಹಿಡಿಯುತ್ತದೆ, ಕೆಲವು ಬ್ರ್ಯಾಂಡಿನದು ಅರ್ಧದಷ್ಟೇ. ಅವರ ಲೆಕ್ಕದಲ್ಲಿ ಪುಡಿ ಉಪ್ಪು ಹಾಕಿದರೆ ಬಾಯಿಗಿಡಲು ಆಗುವುದಿಲ್ಲ. ಅರ್ಧದಿಂದ ಶುರು ಮಾಡಿ, ರುಚಿ ನೋಡಿ ಹಾಕುತ್ತ ಹೋಗಿ.

ಕನ್ನಡದಲ್ಲಿ ಅಡುಗೆ ಬರೆಯುವುದು ಹೊಸದೇನಲ್ಲ ಅನ್ನುವುದನ್ನೂ ಹೇಳಬೇಕು. ಚಾಲುಕ್ಯರ ಕಾಲದ ಚಾವುಂಡರಾಯನ 'ಲೋಕೋಪಕಾರ'ಕ್ಕೆ, 1025ರ ಸುಮಾರಿನದು, ಈಗ ಸಾವಿರ ವರ್ಷ. ಅದರಲ್ಲಿ ಅಡುಗೆಗೇ ಒಂದು ಅಧ್ಯಾಯ ಇದೆ. 16ನೇ ಶತಮಾನದ ಆರಂಭದಲ್ಲಿ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ. ಚಾವುಂಡರಾಯನಿಗೆ ಮೆಣಸಿನಕಾಯಿಯೂ ಗೊತ್ತಿರಲಿಲ್ಲ, ಶೇಂಗಾವೂ ಗೊತ್ತಿರಲಿಲ್ಲ. ಎರಡೂ ಆಮೇಲೆ ಅಮೆರಿಕ ಖಂಡದಿಂದ ಬಂದವು. ಈಗ ಅವಿಲ್ಲದ ನಮ್ಮ ಕಡೆಯ ಊಟ ನೆನೆಸಿಕೊಳ್ಳುವುದೂ ಕಷ್ಟ, ಅಲ್ವಾ?

ಕೊಂಡ ಮೇಲೆ ಪುಸ್ತಕವನ್ನು ಷೋಕೇಸಿನಲ್ಲಿ ಇಡಬೇಡಿ. ಒಂದು ಅಡುಗೆ ಆರಿಸಿ ಮೂರು ಸಲ ಮಾಡಿ. ಮೊದಲ ಸಲ ಬರೆದ ಹಾಗೆಯೇ ಮಾಡಿ, ಏನೂ ಬದಲಿಸಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ಸಲವೇ ತಮ್ಮದೊಂದು ಸೇರಿಸಿ, ಆಮೇಲೆ ಪುಸ್ತಕ ಸರಿ ಇಲ್ಲ ಅನ್ನುತ್ತಾರೆ. ಎರಡನೇ ಸಲ ಒಂದೇ ಒಂದು ಬದಲಾವಣೆ. ಮೂರನೇ ಸಲಕ್ಕೆ ಅದು ನಿಮ್ಮ ಮನೆಯ ಅಡುಗೆ. ಪೆನ್ಸಿಲ್ ಕೈಯಲ್ಲೇ ಇರಲಿ. ಹೋಳಿಗೆಯ ಪುಟದ ಅಂಚಿನಲ್ಲಿ ನಾನು ಬರೆದುಕೊಂಡದ್ದು ಇಷ್ಟೇ: "ಬೆಲ್ಲ 20 ಗ್ರಾಂ ಕಡಿಮೆ ಸಾಕು. ಕಣಕ ಇನ್ನೂ ಒಂದು ತಾಸು ನೆನೆಯಲಿ."