ಕೆನ್ಯಾದ 2010ರ ಸಂವಿಧಾನ: ಗಡುವುಗಳ ಕೆಲಸ, ಗಡುವುಗಳ ಮಿತಿ

ಮೊದಲು 2005ರ ಸೋಲು ಅರ್ಥವಾಗಬೇಕು. ಹೊಸ ಸಂವಿಧಾನ ರೂಪಿಸಲು ಸೇರಿದ್ದ ಬೋಮಾಸ್ ಸಮ್ಮೇಳನ 2004ರಲ್ಲಿ ಒಪ್ಪಿದ ಕರಡು ಅಧ್ಯಕ್ಷರ ಅಧಿಕಾರವನ್ನು ಪ್ರಧಾನಿಯೊಂದಿಗೆ ಹಂಚಿತ್ತು. ಸರ್ಕಾರ ಅದನ್ನು ತಿದ್ದಿ, ಅಧ್ಯಕ್ಷರ ಕೈ ಬಲಪಡಿಸಿ ಜನಮತಗಣನೆಗೆ ಇಟ್ಟಿತು. ಸುಮಾರು 58% ಜನ ಬೇಡವೆಂದರು. ಒಪ್ಪಿದ ಮಾತನ್ನು ಕೊನೆಗಳಿಗೆಯಲ್ಲಿ ಬದಲಿಸಿದರೆ ಉಳಿದ ಒಳ್ಳೆಯ ಅಂಶಗಳೂ ಅದರ ಜೊತೆಗೇ ಮುಳುಗುತ್ತವೆ.

2007ರ ಚುನಾವಣೆಯ ಬೆನ್ನಿಗೆ ನಡೆದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಬಂದ 2008ರ ಸಂವಿಧಾನ ಪರಿಶೀಲನಾ ಕಾಯ್ದೆ ಕೊನೆಗಳಿಗೆಯಲ್ಲಿ ಕರಡು ಬದಲಿಸುವ ದಾರಿಯನ್ನೇ ಮುಚ್ಚಿತು. ತಜ್ಞರ ಸಮಿತಿ ಹಳೆಯ ಕರಡುಗಳಲ್ಲಿ ಒಪ್ಪಿಗೆಯಾದದ್ದನ್ನು ಹಾಗೇ ಉಳಿಸಿ, ವಿವಾದ ಉಳಿದದ್ದನ್ನು ಮಾತ್ರ ಕೈಗೆತ್ತಿಕೊಂಡಿತು: ಕಾರ್ಯಾಂಗದ ಸ್ವರೂಪ, ಅಧಿಕಾರ ವಿಕೇಂದ್ರೀಕರಣ, ಹಳತರಿಂದ ಹೊಸದಕ್ಕೆ ದಾಟುವ ಬಗೆ. ಕರಡಿನ ಮೇಲೆ ಅಭಿಪ್ರಾಯ ಹೇಳಲು ಜನರಿಗೆ 30 ದಿನ ಸಿಕ್ಕಿತು. ಸಂಸತ್ತು ಒಂದು ಅಕ್ಷರ ತಿದ್ದಬೇಕೆಂದರೂ 65% ಸದಸ್ಯರ ಬೆಂಬಲ, ಅಂದರೆ 222ರಲ್ಲಿ 145 ಮತ, ಬೇಕಿತ್ತು. ನೂರೈವತ್ತರಷ್ಟು ತಿದ್ದುಪಡಿಗಳು ಬಂದವು, ಒಂದೂ ಗೆಲ್ಲಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯ ಜಾಣ ನಡೆ ಇದೇ. 2010ರ ಆಗಸ್ಟ್ 4ರ ಜನಮತಗಣನೆಯಲ್ಲಿ ಸುಮಾರು 67% ಜನ ಹೌದೆಂದರು. ಆಗಸ್ಟ್ 27ರಂದು ಸಂವಿಧಾನ ಜಾರಿಯಾಯಿತು.

ಇನ್ನು ಈ ಸಂವಿಧಾನದ ಐದನೇ ಅನುಸೂಚಿ. ಯಾವ ಕಾನೂನು ಎಷ್ಟು ಕಾಲದೊಳಗೆ ಆಗಬೇಕು ಎಂದು ಅದರಲ್ಲಿ ಪಟ್ಟಿಯೇ ಇದೆ. ಅತಿ ದೀರ್ಘ ಗಡುವು 5 ವರ್ಷ. 261ನೇ ವಿಧಿಯ ಸರಪಳಿಯನ್ನು ಕ್ರಮವಾಗಿ ನೆನಪಿಡಿ. ಮೂರನೇ ಎರಡರಷ್ಟು ಬಹುಮತವಿದ್ದರೆ ಗಡುವನ್ನು ಒಮ್ಮೆ ಮಾತ್ರ, ಒಂದು ವರ್ಷದವರೆಗೆ ವಿಸ್ತರಿಸಬಹುದು. ಅದೂ ಮೀರಿದರೆ ಯಾರು ಬೇಕಾದರೂ ಹೈಕೋರ್ಟಿಗೆ ಹೋಗಬಹುದು. ಕೋರ್ಟಿನ ಆದೇಶವನ್ನೂ ಪಾಲಿಸದಿದ್ದರೆ ಮುಖ್ಯ ನ್ಯಾಯಮೂರ್ತಿ ಸಂಸತ್ತಿನ ವಿಸರ್ಜನೆಗೆ ಸಲಹೆ ಕೊಡಬೇಕು, ಅಧ್ಯಕ್ಷರು ವಿಸರ್ಜಿಸಬೇಕು.

ಸರಪಳಿ ತುಂಡಾದದ್ದು ಕೊನೆಯ ಕೊಂಡಿಯಲ್ಲಿ. ಚುನಾಯಿತ ಸಂಸ್ಥೆಗಳಲ್ಲಿ ಒಂದೇ ಲಿಂಗದವರು ಮೂರನೇ ಎರಡಕ್ಕಿಂತ ಹೆಚ್ಚಿರಬಾರದು ಎಂಬ ನಿಯಮಕ್ಕೆ ಸಂಸತ್ತು ಕಾನೂನು ಮಾಡಲೇ ಇಲ್ಲ. ಸ್ಥಾನ ಬಿಟ್ಟುಕೊಡಬೇಕಾದವರೇ ಮತ ಹಾಕಬೇಕಿತ್ತಲ್ಲ! 2020ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ವಿಸರ್ಜನೆಗೆ ಸಲಹೆ ಕೊಟ್ಟರು. ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಸಂಸತ್ತು ಅವಧಿ ಪೂರೈಸಿತು.

ಹಣದ ಲೆಕ್ಕದಲ್ಲೂ ಇಂಥದೇ ತೊಡಕು. 47 ಕೌಂಟಿಗಳಿಗೆ, ಅಂದರೆ ಸ್ಥಳೀಯ ಆಡಳಿತ ಘಟಕಗಳಿಗೆ, ರಾಷ್ಟ್ರೀಯ ಸರ್ಕಾರ ಸಂಗ್ರಹಿಸುವ ಆದಾಯದ ಕನಿಷ್ಠ 15% ಸಿಗಬೇಕು. ಆದರೆ ಆ 15%ಗೆ ಆಧಾರ ಪ್ರಸಕ್ತ ವರ್ಷದ ಆದಾಯವಲ್ಲ, ರಾಷ್ಟ್ರೀಯ ಸಭೆ (ಸಂಸತ್ತಿನ ಕೆಳಮನೆ) ಕೊನೆಯದಾಗಿ ಅನುಮೋದಿಸಿದ ಆಡಿಟ್ ಲೆಕ್ಕ. ಸಭೆ ಲೆಕ್ಕಪತ್ರ ಒಪ್ಪುವುದನ್ನು ತಡಮಾಡಿದಷ್ಟೂ ಕೌಂಟಿಗಳ ಖಾತರಿ ಹಳೆಯ, ಚಿಕ್ಕ ಮೊತ್ತದ ಮೇಲೆಯೇ ನಿಂತಿರುತ್ತದೆ.